ತಪ್ಪಿದ ದಿನದ ಮರುದಿನ

ದಿನವೂ ಪ್ರಾರ್ಥಿಸಬೇಕು, ದಿನವೂ ಸತ್ಯವೇದದ (ಬೈಬಲಿನ) ವಾಕ್ಯ ಓದಬೇಕು ಎಂದು ಹೊರಟವರು ಎಲ್ಲಿ ಕೈಬಿಡುತ್ತಾರೆ ಎಂದು ಗಮನಿಸಿದರೆ, ಬಹುತೇಕ ಅದು ತಪ್ಪಿದ ದಿನದ ಮರುದಿನ. ಒಂದು ದಿನ ಹೇಗೋ ತಪ್ಪುತ್ತದೆ. ಮಗುವಿಗೆ ಜ್ವರ ಬಂದಿರಬಹುದು, ರಾತ್ರಿ ಪಾಳಿ ಇರಬಹುದು, ಸುಮ್ಮನೆ ಸೋಮಾರಿತನವೂ ಇರಬಹುದು. ಮರುದಿನ ಬೆಳಿಗ್ಗೆ ಮೊಣಕಾಲೂರುವ ಮೊದಲೇ ಒಳಗೊಂದು ಸಂಕೋಚ ಎದ್ದು ನಿಲ್ಲುತ್ತದೆ: ನಿನ್ನೆ ಬರಲಿಲ್ಲ, ಇವತ್ತು ಯಾವ ಮುಖ ಇಟ್ಟುಕೊಂಡು ಬರಲಿ? ಆ ಸಂಕೋಚಕ್ಕೆ ಒಂದು ದಿನ ಬಿಟ್ಟುಕೊಟ್ಟರೆ ಅದು ಮೂರು ದಿನ ಕೇಳುತ್ತದೆ, ಆಮೇಲೆ ತಿಂಗಳು. ಹೀಗಾಗಿ ನನ್ನ ಅಭ್ಯಾಸವನ್ನೆಲ್ಲ ನಾನು ಆ ಮರುದಿನವನ್ನೇ ಕಣ್ಣೆದುರು ಇಟ್ಟುಕೊಂಡು ಕಟ್ಟಿದ್ದೇನೆ. ಎಷ್ಟು ದಿನ ತಪ್ಪದೆ ನಡೆಯಿತು ಎಂಬುದಕ್ಕಿಂತ, ತಪ್ಪಿದ ಮೇಲೆ ಎಷ್ಟು ಬೇಗ ಹಿಂತಿರುಗಿದೆ ಎಂಬುದನ್ನೇ ಅಳೆಯುತ್ತೇನೆ.

ಮೊದಲ ನಿಯಮ, ಬಾಕಿ ತೀರಿಸಲು ಹೋಗಬಾರದು. ನಿನ್ನೆಯ ಮೂರು ಅಧ್ಯಾಯ, ಮೊನ್ನೆಯ ಮೂರು, ಇವತ್ತಿನ ಮೂರು ಎಂದು ಒಂಬತ್ತಕ್ಕೆ ಕೂತರೆ ಐದನೆಯದರಲ್ಲಿ ಕಣ್ಣು ಅಕ್ಷರದ ಮೇಲೆ ಓಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಮರುದಿನ ಪುಸ್ತಕ ನೋಡಿದರೇ ಭಾರ. ವಿಮೋಚನಕಾಂಡ 16ರಲ್ಲಿ, ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನ ದಿನದಿನದ್ದು. ಬೆಳಗಿನವರೆಗೆ ಕೂಡಿಟ್ಟದ್ದರಲ್ಲಿ ಹುಳ ಬಿತ್ತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿದಿನದ, ಹಿಂದಿನ ದಿನ ಮಾತ್ರ ಎರಡರಷ್ಟು ಸಿಕ್ಕಿತು, ಅದೂ ದೇವರ ಮಾತಿನಂತೆ. ನಿನ್ನೆ ಎತ್ತಿಕೊಳ್ಳದ ಮನ್ನವನ್ನು ಇವತ್ತು ಹುಡುಕಿಕೊಂಡು ಹೋಗಿ ಎಂದು ಯಾರಿಗೂ ಆಜ್ಞೆ ಇರಲಿಲ್ಲ. ಇವತ್ತಿನದು ಇವತ್ತು ಬಿದ್ದಿದೆ, ಅದನ್ನು ಎತ್ತಿಕೊಂಡರಾಯಿತು.

ಮರುದಿನ ಏನು ಹೇಳಬೇಕು ಎಂಬುದನ್ನೂ ಮೊದಲೇ ಬರೆದು ಸತ್ಯವೇದದ ಒಳರಟ್ಟಿಗೆ ಅಂಟಿಸಿಡುವುದು ಒಳ್ಳೆಯದು, ಯಾಕೆಂದರೆ ಆ ಹೊತ್ತಿನಲ್ಲಿ ಮಾತು ಹೊರಡುವುದಿಲ್ಲ. ಎರಡೇ ವಾಕ್ಯ ಸಾಕು: "ಕರ್ತನೇ, ನಿನ್ನೆ ನಾನು ನಿನ್ನ ಬಳಿಗೆ ಬರಲಿಲ್ಲ, ಕ್ಷಮಿಸು. ಇವತ್ತು ನೀನು ನನಗಾಗಿ ಕಾದಿದ್ದಕ್ಕೆ ಸ್ತೋತ್ರ." ಇಷ್ಟು ಹೇಳಿ ನೇರವಾಗಿ ಆ ದಿನದ ಭಾಗಕ್ಕೆ ಹೋಗಬೇಕು. ನಿನ್ನೆಯ ವಿಷಯಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಬಾರದು. ತಪ್ಪನ್ನು ಹತ್ತು ನಿಮಿಷ ಕೆದಕುತ್ತ ಕೂತರೆ ಪ್ರಾರ್ಥನೆಯ ವಿಷಯ ದೇವರಿಂದ ನನ್ನ ಕಡೆಗೆ ಜಾರಿಬಿಡುತ್ತದೆ. ಇದನ್ನು ಅನೇಕರು ಪಶ್ಚಾತ್ತಾಪ ಎಂದುಕೊಳ್ಳುತ್ತಾರೆ. ಪಶ್ಚಾತ್ತಾಪ ಎಂದರೆ ತಿರುಗಿಕೊಳ್ಳುವುದು, ಮತ್ತು ಆ ಕೆಲಸ ಮೊದಲ ವಾಕ್ಯದಲ್ಲೇ ಆಗಿಹೋಗಿರುತ್ತದೆ.

ಅಂತರ ಒಂದು ವಾರ ದಾಟಿದ್ದರೆ ಮಾತ್ರ ಸ್ವಲ್ಪ ಬೇರೆ ದಾರಿ. ಬಿಟ್ಟ ಜಾಗದಿಂದ ತಕ್ಷಣ ಮುಂದುವರಿಸದೆ, ಮೂರು ದಿನ ಕೀರ್ತನೆ 103 ಮತ್ತು ಲೂಕ 15 ಇವೆರಡನ್ನೇ ಓದುತ್ತೇನೆ. ಕೀರ್ತನೆಯಲ್ಲಿ 22 ವಚನ, ನಿಧಾನವಾಗಿ ಓದಿದರೆ ನಾಲ್ಕು ನಿಮಿಷ. ಲೂಕ 15ರಲ್ಲಿ ಕುರಿ, ನಾಣ್ಯ, ಮಗ ಎಂದು ಮೂರು ಭಾಗ, ದಿನಕ್ಕೊಂದು. ನಾಲ್ಕನೆಯ ದಿನ ಹಳೆಯ ಗುರುತು ಇಟ್ಟ ಪುಟಕ್ಕೆ ಹೋಗುವುದು.

ಇನ್ನು ಅಳತೆ. ಎರಡು ಅಳತೆ ಇಟ್ಟುಕೊಳ್ಳಬೇಕು, ಒಂದು ಪೂರ್ತಿ, ಒಂದು ಕನಿಷ್ಠ. ಪೂರ್ತಿ ಅಳತೆ ನನ್ನದು 25 ನಿಮಿಷ: 2 ನಿಮಿಷ ಸುಮ್ಮನಿರುವುದು, 5 ನಿಮಿಷ ಕೀರ್ತನೆ, 8 ನಿಮಿಷ ಅಧ್ಯಾಯದ ಓದು, 7 ನಿಮಿಷ ಬಿನ್ನಹ, ಕೊನೆಗೆ ಮತ್ತೆ 3 ನಿಮಿಷ ಮೌನ. ಕನಿಷ್ಠ ಅಳತೆ ನಾಲ್ಕು ನಿಮಿಷ: ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಎಂಟು ವಚನ, ಪ್ರಾರ್ಥಿಸಬೇಕಾದ ಒಬ್ಬರ ಹೆಸರು. ಕನಿಷ್ಠವನ್ನು ನಿಗದಿ ಮಾಡುವಾಗ ಒಳ್ಳೆಯ ದಿನವನ್ನು ನೆನೆಯಬಾರದು, ತೀರ ಕೆಟ್ಟ ದಿನವನ್ನು ನೆನೆಯಬೇಕು. ತಲೆನೋವು, ಜಗಳ, ಬಸ್ಸು ಹಿಡಿಯುವ ಅವಸರ, ಎಲ್ಲ ಒಟ್ಟಿಗೆ ಬಂದ ದಿನವೂ ಆಗುವಷ್ಟಿರಬೇಕು. ಕನಿಷ್ಠ ಮಾಡಿದ ದಿನವೂ ಪೂರ್ತಿ ದಿನವೇ, ಅರ್ಧ ಅಂಕವೆಂಬುದಿಲ್ಲ.

ಅಷ್ಟೇ ಮುಖ್ಯವಾದದ್ದು ಮೇಲಿನ ಮಿತಿ. ಇದನ್ನು ಹೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಹೊಸದಾಗಿ ಆರಂಭಿಸಿದವರು ಮೊದಲ 40 ದಿನ 25 ನಿಮಿಷ ಮೀರಬಾರದು ಎಂದೇ ನಾನು ಹೇಳುವುದು. ಉತ್ಸಾಹದ ದಿನ ಒಂದೂವರೆ ಗಂಟೆ ಕೂತರೆ ಅದೇ ಮನಸ್ಸಿನಲ್ಲಿ ಪ್ರಮಾಣವಾಗಿ ಉಳಿಯುತ್ತದೆ, ಆಮೇಲೆ 25 ನಿಮಿಷ ಕೂತರೂ ದೇವರಿಗೆ ಕಡಿಮೆ ಕೊಟ್ಟ ಹಾಗೆ ಅನಿಸುತ್ತದೆ. ಒಣ ದಿನದ ಲೆಕ್ಕ ಬೇರೆ. 16ನೆಯ ಶತಮಾನದಲ್ಲಿ ಯೇಸುಸಭೆಯನ್ನು (ಜೆಸ್ವಿಟ್ ಸಂಘವನ್ನು) ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ ಕೊಟ್ಟ ಸಲಹೆ, ಮನಸ್ಸು ಬರಡಾಗಿರುವಾಗ ಗೊತ್ತುಮಾಡಿದ ಸಮಯಕ್ಕಿಂತ ತುಸು ಹೆಚ್ಚೇ ಕೂರಬೇಕು, ಎದುರಾಳಿಯಾದ ಸೈತಾನನಿಗೆ ಮಣಿಯದೆ ಅವನನ್ನು ಹಿಮ್ಮೆಟ್ಟಿಸುವುದು ರೂಢಿಯಾಗಲಿ ಎಂದು. ನಾನು ಅದನ್ನು ಒಂದು ನಿಮಿಷವೆಂದು ಲೆಕ್ಕ ಹಾಕುತ್ತೇನೆ. ಏಳಬೇಕೆಂದು ಜೀವ ಚಡಪಡಿಸುವಾಗ ಇನ್ನೊಂದೇ ಒಂದು ನಿಮಿಷ. ಅವರದೇ ಇನ್ನೊಂದು ನಿಯಮ ಇನ್ನೂ ಉಪಕಾರಿ: ಮನಸ್ಸು ಕುಸಿದಿರುವಾಗ, ಅದು ನೆಟ್ಟಗಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಸಭೆ ಬಿಡಬೇಕೆ, ಸೇವೆ ಬಿಡಬೇಕೆ ಎಂಬ ಪ್ರಶ್ನೆ ಅಂಥ ವಾರದಲ್ಲಿ ಎದ್ದರೆ, ಚೀಟಿಯಲ್ಲಿ ಬರೆದು ದಿನಾಂಕ ಹಾಕಿ ಮಡಚಿಡುವುದು. ಮನಸ್ಸು ತಿಳಿಯಾದ ಮೇಲೆ ತೆಗೆದು ನೋಡುವುದು.

ಹೊತ್ತನ್ನು ಗಡಿಯಾರಕ್ಕೆ ಕಟ್ಟುವುದಕ್ಕಿಂತ ಹೇಗೂ ದಿನಾ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಗಟ್ಟಿ. ಮುಖ ತೊಳೆದ ಮೇಲೆ, ಫೋನ್ ಮುಟ್ಟುವ ಮೊದಲು. ಈ ಎರಡನೆಯ ಅರ್ಧ ಬಿಟ್ಟರೆ ಮೊದಲ ಅರ್ಧವೂ ಉಳಿಯುವುದಿಲ್ಲ. ಫೋನಿನಲ್ಲೇ ಸತ್ಯವೇದ ಓದುವವರು ರಾತ್ರಿಯೇ ಆ ಪುಟ ತೆರೆದಿಟ್ಟು ಇಂಟರ್ನೆಟ್ ಆಫ್ ಮಾಡಿ ಮಲಗಬೇಕು. ದಾನಿಯೇಲ 6:10ರಲ್ಲಿ ನನಗೆ ತುಂಬ ಇಷ್ಟವಾದದ್ದು ಅವನ ಧೈರ್ಯಕ್ಕಿಂತ ಅಲ್ಲಿರುವ ಒಂದು ಸಣ್ಣ ಮಾತು, ಅವನು ಮೊದಲಿನಿಂದ ಮಾಡುತ್ತಿದ್ದ ಹಾಗೆಯೇ ಮಾಡಿದನು ಎಂಬುದು. ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದೆಂಬ ರಾಜಾಜ್ಞೆ ಬಂದ ದಿನ, ದಿನಕ್ಕೆ ಮೂರು ಸಲ ಪ್ರಾರ್ಥಿಸುತ್ತಿದ್ದ ಅವನು ನಾಲ್ಕನೆಯ ಸಲ ಸೇರಿಸಲಿಲ್ಲ, ಮೂರನ್ನು ಎರಡಕ್ಕೆ ಇಳಿಸಲೂ ಇಲ್ಲ. ಆದಿಸಭೆಯ ಕಾಲದ ದಿದಖೆ ಎಂಬ ಕಿರು ಬೋಧನಾಗ್ರಂಥವೂ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎನ್ನುತ್ತದೆ. ಬೆಳಿಗ್ಗೆಯ ಪೂರ್ತಿ ಅಳತೆಯ ಜೊತೆಗೆ ಮಧ್ಯಾಹ್ನ ಊಟಕ್ಕೆ ಮೊದಲು ಮತ್ತು ಮಲಗುವಾಗ ಕರ್ತನ ಪ್ರಾರ್ಥನೆ ಮಾತ್ರ ಸೇರಿಸಿದರೆ, ಹೆಚ್ಚುವರಿ ಎರಡು ನಿಮಿಷದಲ್ಲಿ ದಿನದ ಬೆನ್ನೆಲುಬು ಸಿದ್ಧ. ಬೆಳಿಗ್ಗೆಯದು ತಪ್ಪಿದ್ದರೂ ಮಧ್ಯಾಹ್ನದ್ದು ಕೈಹಿಡಿಯುತ್ತದೆ. ಹಿಂತಿರುಗಲು ಮರುದಿನದವರೆಗೆ ಕಾಯುವ ಅಗತ್ಯವೇ ಬೀಳುವುದಿಲ್ಲ.

ಓದಿನ ಯೋಜನೆಗಳು ಎಲ್ಲಿ ಮುರಿಯುತ್ತವೆ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಸತ್ಯವೇದದ 66 ಪುಸ್ತಕಗಳಲ್ಲಿ 1189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಆದಿಕಾಂಡದಿಂದ ದಿನಕ್ಕೆ ಮೂರರಂತೆ ಹೊರಟರೆ ಆದಿಕಾಂಡದ 50 ಅಧ್ಯಾಯ ಕಥೆಯಂತೆ ಸಾಗುತ್ತವೆ. 25ನೆಯ ದಿನ ವಿಮೋಚನಕಾಂಡ 25ಕ್ಕೆ ಬರುತ್ತೇವೆ, ಮಂಜೂಷ, ಮೇಜು, ದೀಪಸ್ತಂಭಗಳ ಅಳತೆ ಶುರು. 31ನೆಯ ದಿನ ಯಾಜಕಕಾಂಡದ ಮೊದಲ ಅಧ್ಯಾಯ. ಜನವರಿ 1ಕ್ಕೆ ಆರಂಭಿಸಿದವರು ಫೆಬ್ರವರಿಯಲ್ಲಿ ಕಾಣೆಯಾಗುವುದಕ್ಕೆ ಅವರ ಭಕ್ತಿಯ ಕೊರತೆಯೇ ಕಾರಣ ಎನ್ನಲಾಗದು; ದಾರಿಯ ಅತಿ ಕಡಿದಾದ ಏರು ಅಭ್ಯಾಸ ಬಲಿಯುವ ಮೊದಲೇ ಬಂದಿರುತ್ತದೆ.

ಮೊದಲ ವರ್ಷಕ್ಕೆ ಹೊಸ ಒಡಂಬಡಿಕೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ 260 ಅಧ್ಯಾಯ. ವಾರಕ್ಕೆ ಐದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ಪ್ರತಿ ವಾರ ಎರಡು ದಿನ ಖಾಲಿ ಉಳಿಯುತ್ತವೆ. ಆ ಖಾಲಿ ದಿನಗಳೇ ಯೋಜನೆಯನ್ನು ಬದುಕಿಸುವುದು. ಒಂದು ದಿನ ತಪ್ಪಿದರೆ ಅಧ್ಯಾಯ ಖಾಲಿ ದಿನಕ್ಕೆ ತಾನಾಗಿ ಸರಿಯುತ್ತದೆ, ಎರಡೆರಡು ಓದಬೇಕಾಗಿಲ್ಲ. ಮಾರ್ಕನಿಂದ ಶುರು ಮಾಡಿ: 16 ಅಧ್ಯಾಯ, ಮೂರು ವಾರ ಮತ್ತು ಒಂದು ದಿನದಲ್ಲಿ ಒಂದು ಇಡೀ ಸುವಾರ್ತೆ ಮುಗಿಸಿದ ಬಲ ಸಿಗುತ್ತದೆ. ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಪಟ್ಟಿ ಈಗಲೂ ಬಳಕೆಯಲ್ಲಿದೆ. ದಿನಕ್ಕೆ ನಾಲ್ಕು ಕಡೆಯಿಂದ ಓದು, ವರ್ಷದಲ್ಲಿ ಹಳೆಯ ಒಡಂಬಡಿಕೆ ಒಮ್ಮೆ, ಹೊಸದು ಮತ್ತು ಕೀರ್ತನೆಗಳು ಎರಡು ಸಲ. ಅದು ಒಳ್ಳೆಯ ಪಟ್ಟಿ, ಆದರೆ ಮೂರನೆಯ ವರ್ಷಕ್ಕೆ.

ಕೀರ್ತನೆಗಳಿಗೆ ಯೋಜನೆಯೇ ಬೇಡ, ತಾರೀಖು ಸಾಕು. ಇವತ್ತು 7 ಎಂದಾದರೆ 7, 37, 67, 97, 127 ಈ ಐದರಲ್ಲಿ ಒಂದು. ಪ್ರತಿ ತಿಂಗಳು ಬೇರೆ ಒಂದನ್ನು ಆರಿಸಿದರೆ ಐದು ತಿಂಗಳಿಗೆ 150 ಮುಗಿಯುತ್ತವೆ. ಐದನ್ನೂ ಓದುವವರಿಗೆ 30 ದಿನ. ತಿಂಗಳಿಗೊಮ್ಮೆ ಎಲ್ಲ ಕೀರ್ತನೆಗಳನ್ನು ಮುಗಿಸುವ ರೂಢಿ ಇಂಗ್ಲೆಂಡಿನ ಸಭೆಯ 1549ರ ಪ್ರಾರ್ಥನಾಪುಸ್ತಕದಲ್ಲೇ ಇದೆ. 29ನೆಯ ತಾರೀಖಿಗೆ ಕೀರ್ತನೆ 119 ಬರುತ್ತದೆ, 176 ವಚನ. ಅದನ್ನು ಆ ದಿನ ಬಿಟ್ಟುಬಿಡಿ. ಅದು ಹೀಬ್ರೂವಿನ 22 ಅಕ್ಷರಗಳಿಗೆ ತಲಾ ಎಂಟು ವಚನದಂತೆ ಕಟ್ಟಿದ ಕೀರ್ತನೆ. ಮೇಲೆ ಹೇಳಿದ ಕನಿಷ್ಠ ಅಳತೆಯ ಎಂಟು ವಚನಗಳಿಗೆ ಅದಕ್ಕಿಂತ ಹೇಳಿಮಾಡಿಸಿದ್ದು ಇನ್ನೊಂದಿಲ್ಲ. ಒಂದು ರಿಬ್ಬನ್ ಯಾವಾಗಲೂ ಅಲ್ಲೇ ಇರಲಿ. ಕೆಟ್ಟ ದಿನ ಏನು ಓದಲಿ ಎಂದು ಪುಟ ತಿರುಗಿಸುವ ಪ್ರಮೇಯವೇ ಬರಬಾರದು.

ಬಿನ್ನಹಗಳಿಗೆ ಒಂದು ಸಾದಾ ನೋಟ್‌ಪುಸ್ತಕ. ಪುಟದ ನಡುವೆ ಒಂದು ಗೆರೆ. ಎಡಕ್ಕೆ ದಿನಾಂಕ, ಹೆಸರು, ಒಂದೇ ವಾಕ್ಯದಲ್ಲಿ ಬೇಡಿಕೆ. ಬಲಕ್ಕೆ ಖಾಲಿ. ವಾಕ್ಯ ಹೇಗಿರಬೇಕೆಂದರೆ, ಉತ್ತರ ಬಂದಾಗ ಇದು ಉತ್ತರ ಎಂದು ಗುರುತು ಸಿಗುವ ಹಾಗೆ. "ಅಣ್ಣನನ್ನು ಆಶೀರ್ವದಿಸು" ಎಂದು ಬರೆದರೆ ಬಲಗಡೆ ಏನನ್ನೂ ಬರೆಯಲಾಗುವುದಿಲ್ಲ. "ಅಣ್ಣ ಅಪ್ಪನ ಜೊತೆ ಮತ್ತೆ ಮಾತಾಡುವಂತಾಗಲಿ" ಎಂದು ಬರೆದರೆ ಆಗುತ್ತದೆ. ದಿನದ ಪಟ್ಟಿಯಲ್ಲಿ ಐದು ಹೆಸರಿಗಿಂತ ಹೆಚ್ಚು ಬೇಡ. ಉಳಿದವರನ್ನು ವಾರದ ಏಳು ದಿನಕ್ಕೆ ಹಂಚಿ. ಯಾರು ಕೇಳಿದರೂ "ಪ್ರಾರ್ಥಿಸುತ್ತೇನೆ" ಎಂದು ಸೇರಿಸುತ್ತ ಹೋಗಿ ಪಟ್ಟಿ ಅರವತ್ತಾದರೆ ಅದು ಹಾಜರಿ ಕೂಗಿದಂತಾಗುತ್ತದೆ. ಸಾಧ್ಯವಿದ್ದರೆ ಕೇಳಿದವರ ಜೊತೆ ಅಲ್ಲೇ ನಿಂತು ಅರ್ಧ ನಿಮಿಷ ಪ್ರಾರ್ಥಿಸಿ, ಪಟ್ಟಿಗೆ ಸೇರಿಸದಿದ್ದರೂ ಮಾತು ಉಳಿಯುತ್ತದೆ.

ಆ ಬಲಗಡೆಯ ಖಾಲಿ ಜಾಗ ವರ್ಷಗಟ್ಟಲೆ ಖಾಲಿಯೇ ಉಳಿಯಬಹುದು. ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ 1844ರಲ್ಲಿ ಐದು ಜನರ ರಕ್ಷಣೆಗಾಗಿ ದಿನಾ ಬೇಡಲು ಆರಂಭಿಸಿದರು. ಮೊದಲನೆಯವರು ತಿರುಗಿಕೊಂಡದ್ದು 18 ತಿಂಗಳ ಮೇಲೆ. ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೂ ಇಬ್ಬರ ಉತ್ತರ ಬಂದಿರಲಿಲ್ಲ, ಮುಲ್ಲರ್ ಬೇಡುತ್ತಲೇ ಇದ್ದರು. ಇಲ್ಲಿ ಲೂಕ 18ರ ವಿಧವೆಯ ಸಾಮ್ಯವನ್ನು ತಪ್ಪಾಗಿ ಹಿಡಿಯುವ ಅಪಾಯವಿದೆ. ನ್ಯಾಯಕ್ಕಾಗಿ ಅವಳು ಮತ್ತೆ ಮತ್ತೆ ಹೋದ ಅನ್ಯಾಯಗಾರ ನ್ಯಾಯಾಧಿಪತಿ ಕೊನೆಗೆ ಒಪ್ಪಿದ್ದು ಅವಳ ಕಾಟಕ್ಕೆ. ಮೂಲ ಗ್ರೀಕಿನಲ್ಲಿ ಅವನು ಬಳಸುವ ಕ್ರಿಯಾಪದಕ್ಕೆ ಕಣ್ಣಿನ ಕೆಳಗೆ ಗುದ್ದುವುದು ಎಂಬ ಅರ್ಥ. ದೇವರನ್ನೂ ಹಾಗೆಯೇ ದಣಿಸಬೇಕು ಎಂದುಕೊಂಡವರು ಗಟ್ಟಿ ದನಿಗೆ, ದೀರ್ಘ ಉಪವಾಸಕ್ಕೆ, ಮಾತಿನ ಸುರಿಮಳೆಗೆ ಇಳಿಯುತ್ತಾರೆ, ಬಹುಬೇಗ ತಾವೇ ದಣಿಯುತ್ತಾರೆ. ಯೇಸು ಹೇಳುತ್ತಿರುವುದು ಅದಕ್ಕೆ ವಿರುದ್ಧ: ಅಂಥವನೇ ನ್ಯಾಯ ಕೊಟ್ಟ ಮೇಲೆ, ತನ್ನವರನ್ನು ಪ್ರೀತಿಸುವ ದೇವರು ಕೊಡದಿರುವನೇ? ವಿಧವೆ ಮತ್ತೆ ಮತ್ತೆ ಬಾಗಿಲಿಗೆ ಬಂದಳು, ಅಷ್ಟೇ. ಮತ್ತಾಯ 7:7ರ ಕ್ರಿಯಾಪದಗಳೂ ಗ್ರೀಕಿನಲ್ಲಿ ಮುಂದುವರಿಯುವ ರೂಪದವು. ನಮ್ಮ ಕನ್ನಡದಲ್ಲಿ ಅದನ್ನು ಸಲೀಸಾಗಿ ಹೇಳಬಹುದು, ಕೇಳುತ್ತಾ ಇರಿ, ಹುಡುಕುತ್ತಾ ಇರಿ, ತಟ್ಟುತ್ತಾ ಇರಿ.

ಅದೇ ಮಾತನ್ನೇ ಹೇಳುತ್ತಿದ್ದೇನಲ್ಲ ಎಂಬ ಅಳುಕು ಬೇಡ. ಸೆರೆಹಿಡಿಯಲ್ಪಡುವ ಮೊದಲು ಗೆತ್ಸೇಮನೆಯಲ್ಲಿ ಕರ್ತನಾದ ಯೇಸುವೇ ಮೂರನೆಯ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದನು ಎಂದು ಮತ್ತಾಯ 26:44ರಲ್ಲಿದೆ. ಆದರೆ "ಸರಿಯಾಗಿ ಹೇಳಲಿಲ್ಲ, ಮನಸ್ಸು ಅಲೆಯಿತು, ಮತ್ತೆ ಮೊದಲಿನಿಂದ" ಎಂದು ಒಂದೇ ಪ್ರಾರ್ಥನೆಯನ್ನು ಹತ್ತು ಸಲ ಹೇಳುವ ಒತ್ತಡ ಕೆಲವರಿಗೆ ಬರುತ್ತದೆ. ಅಂಥವರಿಗೆ ನಿಯಮ ತಿರುಗುಮುರುಗು: ಒಮ್ಮೆ ಹೇಳಿ, ಆಮೆನ್ ಎಂದು ಏಳಬೇಕು, ಮತ್ತೆ ಹೇಳಬಾರದು. ಅದು ಬಿಡದೆ ಕಾಡಿದರೆ ವೈದ್ಯರ ಸಹಾಯ ಬೇಕು, ಹೆಚ್ಚಿನ ಪ್ರಾರ್ಥನೆಯಿಂದ ಅದು ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಬೇಡುವುದನ್ನು ನಿಲ್ಲಿಸುವ ಹೊತ್ತೂ ಉಂಟು. ಅಪೊಸ್ತಲನಾದ ಪೌಲನು ತಾನು "ಶರೀರದ ಮುಳ್ಳು" ಎಂದು ಕರೆದ ಬಾಧೆ ತೊಲಗಲೆಂದು ಮೂರು ಸಲ ಬೇಡಿಕೊಂಡನು, ಉತ್ತರ ಬಂತು, ಅದು ಅವನು ಕೇಳಿದ್ದಾಗಿರಲಿಲ್ಲ. ಅಲ್ಲಿಗೆ ನಿಲ್ಲಿಸಿ ಆ ಕೃಪೆಯನ್ನು ಹಿಡಿದುಕೊಂಡನು. ಮಗು ಬದುಕಿರುವವರೆಗೆ ಉಪವಾಸವಿದ್ದ ದಾವೀದನು ಮಗು ತೀರಿಹೋದ ಮೇಲೆ ಎದ್ದು ಸ್ನಾನಮಾಡಿ ಆರಾಧಿಸಿದನು. ಹಾಗಾಗಿ ನೋಟ್‌ಪುಸ್ತಕದ ಬಲಗಡೆ "ಆಯಿತು" ಎಂದಷ್ಟೇ ಅಲ್ಲ, "ಇಲ್ಲ ಎಂದಾಯಿತು" ಎಂದೂ ಬರೆಯಬೇಕಾಗುತ್ತದೆ, ದಿನಾಂಕದ ಸಮೇತ. ಅದನ್ನು ಬರೆಯುವುದು ಕಷ್ಟ. ಬರೆಯದೆ ಸುಮ್ಮನೆ ಆ ಹೆಸರನ್ನು ದಾಟಿಹೋಗುತ್ತಿದ್ದರೆ ಇಡೀ ಪುಸ್ತಕವೇ ಕೈಗೆತ್ತಿಕೊಳ್ಳಲಾಗದಷ್ಟು ಭಾರವಾಗುತ್ತದೆ.

ಒಣಗಿದ ಕಾಲ ಬಂದೇ ಬರುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಹತ್ತಿರದಿಂದ ಕಂಡು ಬರೆದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಸೂರ್ಯ ಸರಿಯುವುದೇ ಇಲ್ಲ ಅನಿಸುತ್ತದೆ, ಹಗಲು ಐವತ್ತು ಗಂಟೆಯಷ್ಟಾಗುತ್ತದೆ, ಕಣ್ಣು ಕಿಟಕಿಯತ್ತ ಹೋಗುತ್ತದೆ, ಈ ಜಾಗ ಬೇಡ, ಈ ಜನ ಬೇಡ, ಬೇರೆ ಕಡೆ ಹೋದರೆ ದೇವರನ್ನು ಚೆನ್ನಾಗಿ ಸೇವಿಸಬಹುದು ಎಂಬ ಯೋಚನೆ ಬರುತ್ತದೆ. ಕಿಟಕಿಯ ಜಾಗದಲ್ಲಿ ಫೋನ್ ಇಟ್ಟರೆ ಇವತ್ತಿನ ಮಾತೇ. ಅವರ ಮದ್ದು, ಕೋಣೆ ಬಿಡದಿರುವುದು. ತಾಳ್ಮೆ ಎಂದು ನಾವು ಓದುವ ಕಡೆ ಗ್ರೀಕಿನಲ್ಲಿ ಹಲವೆಡೆ ಇರುವ ಹುಪೊಮೊನೆ ಎಂಬ ಪದವೂ ಅಡಿಯಲ್ಲಿ ಉಳಿದುಕೊಳ್ಳುವುದು ಎಂಬ ಎರಡು ತುಂಡುಗಳಿಂದ ಆದದ್ದು.

ಆದರೆ ಒಣಗಿದ್ದು ಆತ್ಮವೋ ದೇಹವೋ ಎಂದು ಮೊದಲು ನೋಡಬೇಕು. ಮಳೆಯ ಸುಳಿವು ನೋಡಿ ಬಾ ಎಂದು ಏಳನೆಯ ಸಲ ಸೇವಕನನ್ನು ಕಳಿಸುವವರೆಗೂ ಬಿಡದೆ ಪ್ರಾರ್ಥಿಸಿದ ಪ್ರವಾದಿ ಎಲೀಯನೇ ಮುಂದಿನ ಅಧ್ಯಾಯದಲ್ಲಿ ಸಾವು ಬೇಡುತ್ತಾನೆ. ದೂತನು ಅವನಿಗೆ ಬೋಧನೆ ಮಾಡಲಿಲ್ಲ, ತಿನ್ನಲು ಕೊಟ್ಟು ಮಲಗಲು ಬಿಟ್ಟು ಮತ್ತೆ ಎಬ್ಬಿಸಿ ತಿನ್ನಿಸಿದನು. ಮೂರು ರಾತ್ರಿ ಸರಿಯಾಗಿ ಮಲಗಿ ನೋಡಿ. ಎರಡು ವಾರ ದಾಟಿದರೂ ನಿದ್ದೆ, ಹಸಿವು, ಕೆಲಸ ಯಾವುದೂ ಸರಿಹೋಗದಿದ್ದರೆ ವೈದ್ಯರನ್ನು ಕಾಣಿ. ಅದು ನಂಬಿಕೆಯ ಸೋಲಲ್ಲ. ಆ ಕಾಲದ ಓದಿಗೆ ಕೀರ್ತನೆ 13. ಆರೇ ವಚನ, ಮೊದಲ ಎರಡರಲ್ಲೇ "ಎಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದೂ ಬಾಯಿಗೆ ಬರದಿದ್ದರೆ ಕೀರ್ತನೆ 88, ಕತ್ತಲೆಯ ಮಾತಿನಲ್ಲೇ ಮುಗಿಯುವ ಕೀರ್ತನೆ. ಸಂತೋಷದ ಹಾಡನ್ನು ಬಲವಂತವಾಗಿ ಹಾಡಿಕೊಳ್ಳಬೇಕಾಗಿಲ್ಲ.

ಕ್ಷಮಿಸುವುದರಲ್ಲಿ ಬಿಡದಿರುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಅದೇ ನೋವು ಅದೇ ತೀಕ್ಷ್ಣತೆಯಲ್ಲಿ ನೂರು ಸಲ ನೆನಪಾಗುತ್ತದೆ. ನೆನಪಾಯಿತೆಂದರೆ ಹಿಂದಿನ ಕ್ಷಮೆ ಸುಳ್ಳಾಗಿತ್ತು ಎಂದರ್ಥವಲ್ಲ. ಪ್ರತಿ ಸಲವೂ ಆ ವ್ಯಕ್ತಿಯ ಹೆಸರು ಹೇಳಿ ಅವರಿಗಾಗಿ ಒಂದು ನಿರ್ದಿಷ್ಟ ಒಳ್ಳೆಯದನ್ನು ಬೇಡುವುದು, ಅವರ ಮೊಣಕಾಲಿನ ನೋವು ಕಡಿಮೆಯಾಗಲಿ, ಅವರ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ ಎಂಬಷ್ಟು ನಿರ್ದಿಷ್ಟ. ಹೊಡೆಯುವವರ, ಹಿಂಸಿಸುವವರ ಮನೆಯಲ್ಲೇ ಉಳಿಯಬೇಕು ಎಂದು ಇದಕ್ಕೆ ಅರ್ಥ ಹಚ್ಚುವುದು ತಪ್ಪು. ದೂರ ಹೋಗಿ, ಸುರಕ್ಷಿತವಾಗಿದ್ದುಕೊಂಡೇ ಕ್ಷಮಿಸಬಹುದು.

ಒಬ್ಬರೇ ಇದನ್ನೆಲ್ಲ ಮಾಡಲಾಗದು. ವಾರಕ್ಕೊಮ್ಮೆ ಒಬ್ಬ ಜೊತೆಗಾರರೊಂದಿಗೆ ಹತ್ತು ನಿಮಿಷ, ಮೂರೇ ಪ್ರಶ್ನೆ: ಈ ವಾರ ಅತಿ ಉದ್ದದ ಅಂತರ ಎಷ್ಟು ದಿನದ್ದು? ಹೇಗೆ ಹಿಂತಿರುಗಿದಿರಿ? ಯಾರಿಗಾಗಿ ಪ್ರಾರ್ಥಿಸಲಿ? ಗುರುತು ಹಾಕುವಾಗಲೂ ಸತತ ಎಷ್ಟು ದಿನ ಎಂಬ ಎಣಿಕೆ ಇಡುವುದಿಲ್ಲ. 90 ದಿನದ ಸರಪಳಿ ಮುರಿದ ದಿನ ಮನುಷ್ಯನೂ ಮುರಿಯುತ್ತಾನೆ. ತಿಂಗಳ ಕೊನೆಗೆ ಅತಿ ಉದ್ದದ ಅಂತರವನ್ನು ಮಾತ್ರ ಬರೆದಿಡುವುದು. ಅದು ಆರರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಇಳಿಯುತ್ತಿದ್ದರೆ ಬೇರೇನೂ ನೋಡಬೇಕಾಗಿಲ್ಲ. ಭಾನುವಾರದ ಆರಾಧನೆ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಗೋಡೆ. ವಾರವೆಲ್ಲ ತಪ್ಪಿದ್ದರೂ ಅಲ್ಲಿಗೆ ಹೋಗಿ ಕೂರುವುದು, ಬಾಯಿ ಬಿಡಲಾಗದಿದ್ದರೆ ಪಕ್ಕದವರು ಹಾಡುವುದನ್ನು ಕೇಳುವುದು.

ಕಾಯಿಲೆಯಲ್ಲಿ ಮಲಗಿದಾಗ ಕನಿಷ್ಠವೂ ಆಗುವುದಿಲ್ಲ. ಆಗ ಕರ್ತನ ಪ್ರಾರ್ಥನೆಯ ಒಂದೊಂದು ತುಂಡನ್ನು ಒಂದೊಂದು ಉಸಿರಿಗೆ ಹೇಳಬಹುದು. ಪರಲೋಕದಲ್ಲಿರುವ ನಮ್ಮ ತಂದೆಯೇ, ಒಂದು ಉಸಿರು. ನಿನ್ನ ರಾಜ್ಯವು ಬರಲಿ, ಇನ್ನೊಂದು. ನಡುವೆ ನಿದ್ದೆ ಹತ್ತಿದರೆ ಎಚ್ಚರವಾದಾಗ ಅಲ್ಲಿಂದಲೇ. ಅದೂ ಆಗದಿದ್ದರೆ ಹಾಸಿಗೆಯ ಪಕ್ಕದಲ್ಲಿರುವವರು ಕಿವಿಯ ಹತ್ತಿರ ನಿಧಾನವಾಗಿ ಹೇಳಲಿ, ಮಲಗಿದವರು ಆಮೆನ್ ಎಂದು ಬೆರಳು ಆಡಿಸಿದರೆ ಸಾಕು. ಆ ದಿನಕ್ಕೂ ಪುಸ್ತಕದಲ್ಲಿ ಪೂರ್ತಿ ದಿನದ ಗುರುತನ್ನೇ ಹಾಕಿ.